ಮುಖ ತೋರಿಸಿ ಮಾರುವುದು

ಅಂಗಡಿಯಿಂದ ತಂದ ಶೇಂಗಾ ಚಟ್ನಿ ಕಮಟು ಹೊಡೆದರೆ ನಾವು ಪೊಟ್ಟಣ ಎಸೆದು ಸುಮ್ಮನಾಗುತ್ತೇವೆ. ಮಾಡಿದವರು ಯಾರೋ, ಯಾವ ಊರಲ್ಲಿದ್ದಾರೋ ಗೊತ್ತಿಲ್ಲ. ಗೊತ್ತಿಲ್ಲದವರ ಮೇಲೆ ಸಿಟ್ಟು ಬಹಳ ಹೊತ್ತು ನಿಲ್ಲುವುದೂ ಇಲ್ಲ. ಅದೇ ಚಟ್ನಿಯನ್ನು ಕೈಚೀಲದಲ್ಲಿ ಹೊತ್ತು ಮನೆಬಾಗಿಲಿಗೆ ತಂದುಕೊಟ್ಟ ಹೆಂಗಸಿನ ಪುಡಿ ಕೆಟ್ಟಿದ್ದರೆ ಮಾತ್ರ ಇಡೀ ಓಣಿಯಲ್ಲಿ ಆಕೆಯ ಹೆಸರು ಕೆಡುತ್ತದೆ. ಬರುವ ವಾರ ಆಕೆ ಅದೇ ಮೆಟ್ಟಿಲು ಹತ್ತಬೇಕು, ಅದೇ ಮುಖ ನೋಡಬೇಕು. ಮನೆಮನೆಗೆ ಹೋಗಿ ತಿನ್ನುವ ಪದಾರ್ಥ ಮಾರುವ ಸಣ್ಣ ಉದ್ಯಮದ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಮೊದಲು ನಿಲ್ಲುವುದು ಇಲ್ಲಿ. ಬಂಡವಾಳ, ಲಾಭ, ಸಾಲ ಎಲ್ಲ ಆಮೇಲಿನ ಮಾತು. ತನ್ನ ಕೈಯಾರೆ ಮಾಡಿದ್ದನ್ನು ಇನ್ನೊಬ್ಬರು ಬಾಯಿಗಿಟ್ಟುಕೊಳ್ಳುವಾಗ ಎದುರಿಗೇ ನಿಂತಿರುವ ಹೊಣೆ ದೊಡ್ಡ ಕಂಪನಿಗಳ ಮಾಲೀಕರಿಗೆ ಇಲ್ಲ. ಈಕೆಗೆ ಇದೆ.

ಹುಬ್ಬಳ್ಳಿ, ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಓಣಿಗಳಲ್ಲಿ ಹೀಗೆ ಶುರುಮಾಡುವವರು ಸಾಮಾನ್ಯವಾಗಿ ಹೊಸ ವಿದ್ಯೆ ಕಲಿಯಲು ಹೋಗುವುದಿಲ್ಲ. ಕೈಗೆ ಒಗ್ಗಿದ್ದನ್ನೇ ಮಾರುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸಿ ಹಿಂಡಿ. ಬಿಸಿಲು ಏರಿದ ಮೇಲೆ ಹಪ್ಪಳ, ಸಂಡಿಗೆ, ಕುರುಡಿಗೆ. ಆದರೆ ಮನೆಯವರಿಗೆ ಮಾಡುವುದೇ ಬೇರೆ, ಮಾರಲು ಮಾಡುವುದೇ ಬೇರೆ. ಜೋಳದ ಹಿಟ್ಟು ಹಳತಾದರೆ ಜಿಗಿ ಕಳೆದುಕೊಳ್ಳುತ್ತದೆ. ಎಸರು ಹಾಕಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ. ಸಜ್ಜೆ ಹಿಟ್ಟಂತೂ ಬೀಸಿ ತಂದ ಕೆಲವೇ ದಿನಗಳಲ್ಲಿ ಕಹಿಗೆ ತಿರುಗುತ್ತದೆ. ಖಡಕ್ ರೊಟ್ಟಿಯಲ್ಲಿ ಒಂದಿಷ್ಟು ಹಸಿ ಉಳಿದರೂ ಡಬ್ಬಿಯೊಳಗೆ ಬೂಷ್ಟು ಏಳುತ್ತದೆ. ಮನೆಯಲ್ಲಾದರೆ "ಇವತ್ತೊಂದಿನ ತಿಂದುಬಿಡ್ರಿ" ಎನ್ನಬಹುದು. ದುಡ್ಡು ಕೊಟ್ಟವರಿಗೆ ಹಾಗೆ ಹೇಳುವಂತಿಲ್ಲ.

ಇಷ್ಟೆಲ್ಲ ಹದ ಬಲ್ಲವರಿಗೂ ಮೊದಲ ಮನೆಯ ಕರೆಗಂಟೆ ಒತ್ತುವಾಗ ಕೈ ಹಿಂಜರಿಯುತ್ತದೆ. ಚೀಲದ ಭಾರದಿಂದಲ್ಲ, ನಾಚಿಕೆಯಿಂದ. ನಮ್ಮ ಹೊಸ್ತಿಲ ಮುಂದೆ ಬಂದು ನಿಲ್ಲುವವರನ್ನು ನಾವು ಬಹುಕಾಲದಿಂದ ಕೇಳಲು ಬಂದವರೆಂದೇ ಎಣಿಸಿದ್ದೇವೆ. ದಾಸಯ್ಯ ಬಂದ, ಜೋಗಿ ಬಂದ, ವಾರಾನ್ನದ ಹುಡುಗ ಬಂದ. ಆ ಸಾಲಿಗೆ ತಾನೂ ಸೇರಿಬಿಟ್ಟೆನೇನೋ ಎಂಬ ಅಳುಕು ಮಾರಲು ಹೊರಟವಳಿಗೆ ಇರುತ್ತದೆ. ಮನೆಯವರು ಅದನ್ನು ಇನ್ನಷ್ಟು ಬೆಳೆಸುತ್ತಾರೆ. "ಮನಿ ಮನಿ ತಿರುಗಿ ಮಾರೂದಂದ್ರ ಮಂದಿ ಏನಂದಾರು?" ಎಂಬ ಮಾತು ಎಷ್ಟು ಒಳ್ಳೆಯ ಕೈಗಳನ್ನು ಅಡುಗೆಮನೆಯಲ್ಲೇ ಕಟ್ಟಿಹಾಕಿದೆಯೋ! ಸಂಬಳ ತಡವಾದಾಗ, ಮಳೆ ಕೈಕೊಟ್ಟಾಗ, ಗಂಡ ಹಾಸಿಗೆ ಹಿಡಿದಾಗ ಸಾಲ ಕೇಳಲು ಅಡ್ಡಬಾರದ ಮರ್ಯಾದೆ ರೊಟ್ಟಿ ಮಾರಲು ಹೊರಟಾಗ ಅಡ್ಡ ಬಂದು ನಿಲ್ಲುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ನಾಚಿಕೆಯ ಜಾಗವನ್ನೇ ಬದಲಿಸಿದ ದಂಪತಿ ಇದ್ದರು. ಆಯ್ದಕ್ಕಿ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದೇ ಅವನ ಕಾಯಕ. ಬಾಗಿ ನೆಲದಿಂದ ಕಾಳು ಹೆಕ್ಕುವುದು ಆ ಮನೆಯಲ್ಲಿ ಅವಮಾನವಾಗಿರಲಿಲ್ಲ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ತಡೆದಳು, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಈ ಪ್ರಸಂಗವನ್ನು ಅಪರಿಗ್ರಹದ ಪಾಠವಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ನಾಚಿಕೆಯೆಂಬುದು ಆ ಮನೆಯಲ್ಲೂ ಇತ್ತು, ಆದರೆ ಅದು ದುಡಿಮೆಗೆ ಅಂಟಿಕೊಂಡಿರಲಿಲ್ಲ. ತನ್ನದಲ್ಲದ್ದು ಚೀಲಕ್ಕೆ ಬಂದಾಗ ಮಾತ್ರ ಎಚ್ಚರಗೊಳ್ಳುತ್ತಿತ್ತು. ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ಬಾಗಿಲು ತಟ್ಟಲು ನಾಚುತ್ತೇವೆ, ತೂಕದಲ್ಲಿ ಹಿಡಿಯಷ್ಟು ಕಡಿಮೆ ಹಾಕಲು ನಾಚುವುದಿಲ್ಲ.

ಮೊದಲ ಗಿರಾಕಿಗಳು ಸಾಮಾನ್ಯವಾಗಿ ಗುರುತಿನವರೇ. ನೆಂಟರು, ಮಗಳ ಶಾಲೆಯ ಗೆಳತಿಯ ತಾಯಿ, ಸಂಘದ ಸದಸ್ಯೆಯರು. ಅವರಿಗೆ ರುಚಿ ನೋಡಲೆಂದು ಕೊಟ್ಟದ್ದಕ್ಕೆ ಹೊಗಳಿಕೆ ಧಾರಾಳವಾಗಿ ಬರುತ್ತದೆ. ಈ ಹೊಗಳಿಕೆಯನ್ನು ನಂಬಿ ಹತ್ತು ಕಿಲೊ ಶೇಂಗಾ ತಂದವರು ಆಮೇಲೆ ಕಷ್ಟಕ್ಕೆ ಬೀಳುತ್ತಾರೆ. ಪರಿಚಯದವರು ಸಂಕೋಚಕ್ಕೆ ಒಮ್ಮೆ ಕೊಳ್ಳಬಹುದು. ಎರಡನೆಯ ಸಲ ತಾವಾಗಿ ಕೇಳಿ ಕೊಂಡಾಗ ಮಾತ್ರ ಅದು ವ್ಯಾಪಾರ. ಹಾಗಾಗಿ ಪರಿಚಯದವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಸತ್ಯ ಹೇಳುವುದು. ಉಪ್ಪು ಹೆಚ್ಚಾಗಿದೆ, ಬೆಳ್ಳುಳ್ಳಿ ಹಸಿಯಾಗಿಯೇ ಉಳಿದಿದೆ, ರೊಟ್ಟಿ ದಪ್ಪವಾಗಿದೆ ಎಂದು ಎದುರಿಗೇ ಹೇಳಿದವರು ಆಕೆಯ ಉದ್ಯಮಕ್ಕೆ ಪಾಲು ಹಾಕಿದಂತೆ. ಚೆನ್ನಾಗಿದೆ ಎಂದು ನಕ್ಕು ಕಳಿಸಿ, ಮುಂದಿನ ವಾರ ಆಕೆ ಬಂದಾಗ ಒಳಗಿದ್ದೂ ಬಾಗಿಲು ತೆರೆಯದವರು ಆಕೆಯ ಕಲಿಯುವ ಅವಕಾಶವನ್ನೇ ಕಸಿದುಕೊಳ್ಳುತ್ತಾರೆ. ಬೇಡ ಎನ್ನುವುದು ತಪ್ಪಲ್ಲ. "ಈ ವಾರ ಬ್ಯಾಡವಾ, ಮನ್ಯಾಗ ಐತಿ" ಎಂದು ಬಾಗಿಲು ತೆರೆದು ಮುಖ ನೋಡಿ ಹೇಳಿದರೆ ಆಕೆ ಮುಂದಿನ ಮನೆಗೆ ತಲೆ ಎತ್ತಿಯೇ ಹೋಗುತ್ತಾಳೆ.

ಬಾಗಿಲಲ್ಲಿ ಎದುರಾಗುವ ಅತ್ಯಂತ ಕಠಿಣ ಪ್ರಶ್ನೆ ಬೆಲೆಯದಲ್ಲ. "ನೀವು ಯಾವ ಮಂದಿ?" ಎಂಬುದು. ನೇರವಾಗಿ ಕೇಳಲು ಹಿಂಜರಿಯುವವರು ಸುತ್ತಿ ಬಳಸಿ ಬರುತ್ತಾರೆ: ಮನೆ ಯಾವ ಓಣಿಯಲ್ಲಿ, ಅಡ್ಡಹೆಸರೇನು, ಮನೆದೇವರು ಯಾವುದು. ಬಿಸ್ಕತ್ತಿನ ಪೊಟ್ಟಣವನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಕಾರ್ಖಾನೆಯಲ್ಲಿ ಹಿಟ್ಟು ಕಲಸಿದವರ, ಪೊಟ್ಟಣ ಕಟ್ಟಿದವರ ಜಾತಿ ನಮಗೆ ಬೇಕಿಲ್ಲ. ಮುಖ ಕಂಡೊಡನೆ ಬೇಕಾಗುತ್ತದೆ. ಬಿಸಿಯೂಟದ ಅಡುಗೆ ಮಾಡುವಾಕೆ ದಲಿತಳೆಂದು ಮಕ್ಕಳಿಗೆ ಊಟ ಬಿಡಿಸಿದ ಸುದ್ದಿ ನಮ್ಮ ರಾಜ್ಯದಿಂದಲೇ ಮತ್ತೆ ಮತ್ತೆ ಬಂದಿದೆ. ಪುಡಿ, ಉಪ್ಪಿನಕಾಯಿಗಳ ಮೇಲೆ ಜಾತಿಯ ಹೆಸರನ್ನೇ ಶುಚಿಯ ಖಾತರಿಯಂತೆ ಅಚ್ಚು ಹಾಕುವುದೂ ನಡೆದಿದೆ. ಒಳ್ಳೆಯ ರೊಟ್ಟಿ ಬಡಿಯುವ ಎಷ್ಟೋ ಹೆಂಗಸರು ಈ ಒಂದು ಪ್ರಶ್ನೆಗೆ ಹೆದರಿಯೇ ಸ್ವಂತಕ್ಕೆ ಮಾರದೆ, ಇನ್ನೊಬ್ಬರ ಖಾನಾವಳಿಯ ಹಿಂಬದಿಯಲ್ಲಿ ಕೂಲಿಗೆ ಬಡಿಯುತ್ತಾರೆ. ಅಲ್ಲಿ ಅವರ ರೊಟ್ಟಿ ಎಲ್ಲರಿಗೂ ಆಗುತ್ತದೆ, ಮುಖ ಕಾಣುವುದಿಲ್ಲವಲ್ಲ! ಇದರಲ್ಲಿ ನಾಚಬೇಕಾದವರು ಮಾರುವವರಲ್ಲ. ಕೊಳ್ಳುವವರಿಗೆ ಕೇಳುವ ಹಕ್ಕು ಖಂಡಿತ ಇದೆ. ಯಾವತ್ತು ಮಾಡಿದ್ದು, ಯಾವ ಎಣ್ಣೆ, ನೀರು ಎಲ್ಲಿಯದು, ಅಡುಗೆಮನೆ ನೋಡಬಹುದೇ ಎಂದು ಕೇಳಲಿ. ಶುಚಿಯಾಗಿ ಮಾಡುವವಳು "ಬರ್ರಿ ಅಕ್ಕಾರ, ನೋಡ್ರಿ" ಎಂದು ಸಂತೋಷದಿಂದಲೇ ಕರೆಯುತ್ತಾಳೆ. ಆ ಪ್ರಶ್ನೆಗಳು ಅನ್ನಕ್ಕೆ ಸಂಬಂಧಪಟ್ಟವು, ಮೊದಲಿನದು ಅಲ್ಲ.

ಇನ್ನು ಮಾರುವವಳ ಕಡೆಯ ಮಾತು. ಶೇಂಗಾ ಚಟ್ನಿಯನ್ನೇ ತೆಗೆದುಕೊಳ್ಳೋಣ. ಒಂದು ಚೀಲ ಶೇಂಗಾದಲ್ಲಿ ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಕಾಳು ಇದ್ದೇ ಇರುತ್ತವೆ. ಅಂಥ ಕಾಳಿನಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಕೇಡು. ಹುರಿದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ. ಅದಕ್ಕಿರುವ ಉಪಾಯ ಬಹಳ ಹಳೆಯದು: ಮೊರಕ್ಕೆ ಹಾಕಿಕೊಂಡು ಕೂತು ಒಂದೊಂದಾಗಿ ಆರಿಸಿ ಎಸೆಯುವುದು. ಎಸೆದಷ್ಟೂ ತೂಕ ಕಳೆಯುತ್ತದೆ. ಎಸೆಯದೆ ಹಾಕಿ ಕುಟ್ಟಿದರೆ? ಒಣಮೆಣಸಿನಕಾಯಿಯ ಖಾರ, ಬೆಳ್ಳುಳ್ಳಿಯ ಘಾಟು ಎಲ್ಲವನ್ನೂ ಮುಚ್ಚಿಬಿಡುತ್ತವೆ. ಕೊಳ್ಳುವವರ ನಾಲಿಗೆಗೆ ತಿಳಿಯುವುದಿಲ್ಲ, ಹೊಟ್ಟೆಗೆ ಅವತ್ತೇ ಏನೂ ಆಗುವುದಿಲ್ಲ. ಓಣಿಯಲ್ಲಿ ಹೆಸರೂ ಕೆಡುವುದಿಲ್ಲ. ಮುಖ ತೋರಿಸಿ ಮಾರುವ ಹೊಣೆಯೇ ಆಕೆಯನ್ನು ಪ್ರಾಮಾಣಿಕಳಾಗಿ ಇಡುತ್ತದೆ ಎಂದು ಮೇಲೆ ಹೇಳಿದ ಮಾತು ಇಲ್ಲಿಗೆ ಬಂದು ಸಾಲದಾಗುತ್ತದೆ. ಗಿರಾಕಿಯ ಕಣ್ಣು ರೊಟ್ಟಿಯ ಬೂಷ್ಟನ್ನು ಹಿಡಿಯಬಲ್ಲುದು, ಪುಡಿಯಾದ ಕಾಳನ್ನು ಹಿಡಿಯಲಾರದು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಮೊರದ ಮುಂದೆ ಕೂತವಳಿಗೆ ಮಾತ್ರ ಗೊತ್ತಾಗುವ ಸಂಗತಿ ಅದು. ಕರೆಗಂಟೆ ಒತ್ತುವಾಗ ಕಾಡಿದ ನಾಚಿಕೆ ನಿಜವಾಗಿ ಇರಬೇಕಾದದ್ದು ಆ ಮೊರದ ಹತ್ತಿರ.

ಪೊಟ್ಟಣದ ಮೇಲಿನ ದಿನಾಂಕವೂ ಅಷ್ಟೇ. ಆಹಾರ ಸುರಕ್ಷತೆಯ ಕಾನೂನಿನಂತೆ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು, 14 ಅಂಕಿಗಳ ಸಂಖ್ಯೆ ಪಡೆಯಬೇಕು, ಪೊಟ್ಟಣದ ಮೇಲೆ ತೂಕ ಮತ್ತು ತಯಾರಿಸಿದ ದಿನ ನಮೂದಿಸಬೇಕು. ಸಂಖ್ಯೆ ಸರ್ಕಾರ ಕೊಡುತ್ತದೆ. ದಿನಾಂಕವನ್ನು ನಿಜವಾಗಿ ಬರೆಯುವವಳು ಮಾತ್ರ ಆಕೆಯೇ.

ಬೆಲೆಯ ವಿಷಯದಲ್ಲಿ ನನಗೆ ಕೊಳ್ಳುವವರ ಮೇಲೆ ಬೇಸರವಿದೆ. "ಮನ್ಯಾಗ ಮಾಡಿದ್ದ ಅಲ್ಲೇನು, ಇಷ್ಟ್ಯಾಕ?" ಎಂದು ಚೌಕಾಸಿಗೆ ಇಳಿಯುತ್ತಾರೆ. ಮನೆಯಲ್ಲಿ ಮಾಡಿದ್ದೆಂದರೆ ಪುಕ್ಕಟೆ ಆದದ್ದು ಎಂದೇ ಎಣಿಕೆ. ಒಂದು ಕಿಲೊ ಶೇಂಗಾ ಆರಿಸಿ, ಹುರಿದು, ಸಿಪ್ಪೆ ಹಾರಿಸಿದ ಮೇಲೆ ಒಂದು ಕಿಲೊ ಉಳಿಯುವುದಿಲ್ಲ. ಮೇಲೆ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಗ್ಯಾಸು, ಪೊಟ್ಟಣ, ಆಟೋ. ಇಷ್ಟನ್ನು ಆಕೆ ಕೂಡಿಸುತ್ತಾಳೆ. ತನ್ನ ಕೂಲಿಯನ್ನು ಕೂಡಿಸುವುದಿಲ್ಲ. ಮನೆಗೆಲಸಕ್ಕೆ ಯಾರೂ ಕೂಲಿ ಕೊಡದ ಅಭ್ಯಾಸ ಆಕೆಯ ಲೆಕ್ಕದ ಪುಸ್ತಕದೊಳಗೂ ಬಂದು ಕೂತಿದೆ. ಇದನ್ನು ತ್ಯಾಗವೆಂದು ಮೆಚ್ಚಿಕೊಳ್ಳಲು ನಾನು ಸಿದ್ಧನಿಲ್ಲ. ಹೊತ್ತು ಕಳೆಯಲು ಮಾಡುವಾಕೆ ತನ್ನ ದುಡಿಮೆ ಬಿಟ್ಟು ಬೆಲೆ ಕಟ್ಟಿದರೆ, ಅದೇ ಓಣಿಯಲ್ಲಿ ಅದರಿಂದಲೇ ಒಲೆ ಹೊತ್ತಿಸುವ ಇನ್ನೊಬ್ಬಳು ಆ ಬೆಲೆಗೆ ಇಳಿಯಬೇಕಾಗುತ್ತದೆ. ಇಳಿದವಳು ಎಲ್ಲಿ ಉಳಿಸುತ್ತಾಳೆ? ಮೊದಲು ನಿದ್ದೆಯಲ್ಲಿ, ಆಮೇಲೆ ಶೇಂಗಾದಲ್ಲಿ. ಉದ್ರಿ ಬರೆಸಿ ತಿಂಗಳುಗಟ್ಟಲೆ ಸತಾಯಿಸುವವರು ಕೂಡ ಆಕೆಯನ್ನು ಅದೇ ಕಡೆಗೆ ತಳ್ಳುತ್ತಾರೆ. ಮಾರುವವಳ ಪ್ರಾಮಾಣಿಕತೆಯ ಖರ್ಚಿನಲ್ಲಿ ಕೊಳ್ಳುವವರ ಪಾಲೂ ಇದೆ.

ಮುಂಬಯಿಯ ಲಿಜ್ಜತ್ ಹಪ್ಪಳದ ಹೆಂಗಸರು ಈ ಹಾದಿಯಲ್ಲಿ ನಡೆದು ತೋರಿಸಿದವರು. 1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಒಂದು ಮನೆಯ ತಾರಸಿಯ ಮೇಲೆ 7 ಮಂದಿ ಗುಜರಾತಿ ಗೃಹಿಣಿಯರು ಕೂತು ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ, ಅದೂ ಸಾಲ. ಮೊದಲ ದಿನ ಆದದ್ದು 4 ಪೊಟ್ಟಣ. ಮಳೆಗಾಲದಲ್ಲಿ ಹಪ್ಪಳ ಒಣಗದೆ ಕೆಲಸ ನಿಂತಿತು. ಮರುವರ್ಷ ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಒಲೆ ಇಟ್ಟು ಒಣಗಿಸಿದರು. ನಷ್ಟವಾದರೂ ದಾನ ಪಡೆಯುವುದಿಲ್ಲವೆಂದು ತಾವೇ ನಿಶ್ಚಯಿಸಿಕೊಂಡರು. ಶುರುವಿನಲ್ಲಿ ಅವರು ಅಗ್ಗದ ಇನ್ನೊಂದು ತರದ ಹಪ್ಪಳವನ್ನೂ ಮಾಡಿದ್ದರು. ಸಾಲ ಕೊಟ್ಟು ಬೆನ್ನಿಗೆ ನಿಂತಿದ್ದ ಛಗನ್‌ಲಾಲ್ ಕರಂಸಿ ಪಾರೇಖ್ ಗುಣಮಟ್ಟ ಒಂದೇ ಇರಲಿ ಎಂದು ಬುದ್ಧಿ ಹೇಳಿ ಲೆಕ್ಕಪತ್ರ ಕಟ್ಟುನಿಟ್ಟಾಗಿ ಇಡಲು ಕಲಿಸಿದರು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಜನ ಪ್ರಶಸ್ತಿಯನ್ನೂ ಕೋಟಿಗಟ್ಟಲೆ ವಹಿವಾಟನ್ನೂ ಎತ್ತಿ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ಅಲ್ಲಿ ಹಪ್ಪಳ ಲಟ್ಟಿಸುವವರೇ ಸಂಸ್ಥೆಯ ಒಡತಿಯರು. ಸಾವಿರಾರು ಮಂದಿ ಸೇರಿದ ಮೇಲೂ ಲಟ್ಟಿಸುವ ಕೈಯನ್ನು ಅವರು ಬರೀ ಕೂಲಿಯ ಕೈ ಮಾಡಲಿಲ್ಲ.

ಇದನ್ನು ಹೇಳಲು ಕಾರಣವಿದೆ. ಮನೆಮನೆಗೆ ಮಾರಿ ಹೆಸರು ಮಾಡಿದವಳಿಗೆ ಒಂದು ದಿನ ಬೇಡಿಕೆ ಕೈಮೀರುತ್ತದೆ. ಎಳ್ಳಮಾಸಿ ಹತ್ತಿರ ಬಂದಾಗ ಸಜ್ಜೆ ರೊಟ್ಟಿಗೆ, ಶ್ರಾವಣದಲ್ಲಿ ಶೇಂಗಾ ಹೋಳಿಗೆಗೆ, ಮಗನನ್ನು ಬೆಂಗಳೂರಿಗೆ ಕಳಿಸುವವರಿಂದ ಚಟ್ನಿ ಪುಡಿಗೆ. ಆಗ ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಕರೆಯುತ್ತಾಳೆ. ಅಲ್ಲಿಂದ ಮುಂದೆ ಮೊರದ ಮುಂದೆ ಕೂರುವುದು ಆಕೆಯಲ್ಲ, ಅವರು. ಅವರು ಯಾವ ಬಾಗಿಲಿಗೂ ಹೋಗುವುದಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ಕಿಲೊ ಲೆಕ್ಕಕ್ಕೆ ಕೂಲಿ ಕೊಟ್ಟರೆ ಬೇಗ ಬೇಗ ಆರಿಸಿದವಳಿಗೆ ಹೆಚ್ಚು ಸಿಗುತ್ತದೆ, ಬೂಷ್ಟು ಹಿಡಿದ ಕಾಳಿಗಾಗಿ ಕೈ ನಿಲ್ಲಿಸಿದವಳಿಗೆ ಕಡಿಮೆ. ಹಾಗಾಗಿ ರೊಟ್ಟಿಗೆ ಬೇಕಾದರೆ ಎಣಿಕೆಯ ಲೆಕ್ಕ ಇರಲಿ, ಕಾಳು ಆರಿಸುವುದಕ್ಕೆ ದಿನಗೂಲಿಯನ್ನೇ ಇಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಸೆದ ಕಾಳಿನ ನಷ್ಟವನ್ನು ಯಜಮಾನಿ ಹೊರಬೇಕು. ವಾರಕ್ಕೊಮ್ಮೆಯಾದರೂ ಮಾರಲು ಹೋಗುವಾಗ ಅವರಲ್ಲಿ ಒಬ್ಬಳನ್ನು ಜೊತೆಗೆ ಕರೆದೊಯ್ದು, ಗಿರಾಕಿಗಳಿಗೆ "ಚಟ್ನಿ ಈಕಿ ಮಾಡಿದ್ದ್ರಿ" ಎಂದು ಹೆಸರು ಹೇಳಿ ಪರಿಚಯ ಮಾಡಿಸಬೇಕು.