ಒಂದು ಮರದಷ್ಟು ದೂರ

ಮೊನ್ನೆ ಅಕ್ಕನ ಮಗ ದಂಡಿನಶಿವರದಿಂದ ಫೋನ್ ಮಾಡಿದ್ದ. ಈ ಸಲ ಅಟ್ಟದ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅವನಿಗೊಂದು ಕ್ಯಾಮೆರಾ ಕೊಡಿಸಲು ಅಕ್ಕ ಒಪ್ಪಿದ್ದಾಳಂತೆ. ಅವನ ಕಣ್ಣು ಬಿದ್ದಿರುವುದು ಅಂಗೈಯಗಲದ, ಲೆನ್ಸ್ ಬದಲಿಸಲು ಬಾರದ, ಜೂಮ್ ಕೂಡ ಇಲ್ಲದ ಒಂದು ಕ್ಯಾಮೆರಾದ ಮೇಲೆ. "ಮಾವ, ನೀನು ಇಷ್ಟು ವರ್ಷ ಫೋಟೊ ತೆಗ್ದಿದೀಯ. ಅದು ನಂಗೆ ಸರಿಹೋಗ್ತದಾ ಹೇಳು" ಅಂದ. ನಾಳೆ ಹೇಳ್ತೀನಿ ಅಂದೆ. ಹದಿನೈದು ದಿನ ಕಳೆಯಿತು, ಹೇಳಲಾಗಲಿಲ್ಲ. ಯಾಕೆ ಹೇಳಲಾಗಲಿಲ್ಲ ಎಂದು ಯೋಚಿಸುತ್ತ ಕೂತಾಗ ಹುಟ್ಟಿದ್ದು ಈ ಬರಹ.

ಇಂಥ ಕ್ಯಾಮೆರಾಗಳಲ್ಲಿ ಹೆಸರು ಮಾಡಿದವು ಎರಡು. ಒಂದು, 2011ರಲ್ಲಿ ಮಾರುಕಟ್ಟೆಗೆ ಬಂದ ಫ್ಯೂಜಿಫಿಲ್ಮ್ ಎಕ್ಸ್100 ಮತ್ತು ಅದರ ಸಂತತಿ. ಹಳೆಯ ಫಿಲ್ಮಿನ ಲೆಕ್ಕದಲ್ಲಿ ಅದರದು 35 ಮಿಲಿಮೀಟರಿನ ನೋಟ. ಇನ್ನೊಂದು, ಫಿಲ್ಮ್ ಕಾಲದಿಂದಲೂ ನಡೆದುಬಂದ ರಿಕೋ ಜಿಆರ್. ಅದರದು ಇನ್ನೂ ಅಗಲವಾದ 28. ಇವು ಸಣ್ಣವಾದರೂ ಬೆಲೆ ಸಣ್ಣದಲ್ಲ. 2024ರಲ್ಲಿ ಬಂದ ಎಕ್ಸ್100ವಿಐ ಕೊಳ್ಳಲು ಲಕ್ಷ ರೂಪಾಯಿ ಸಾಲದು. ಅದೇ 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಲೆಕ್ಕದಲ್ಲಿ ಲಕ್ಷವೆಂದರೆ ಎಂಟು ಕ್ವಿಂಟಾಲಿಗೂ ಮಿಕ್ಕಿದ ಕೊಬ್ಬರಿ. ಕಾಯಿಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಒಣಗಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅನ್ನುವವರೆಗೆ ಕಾದು ಮಾರುವ ಸರಕು ಅದು. ಜೂಮ್ ಇರುವ ಕ್ಯಾಮೆರಾ ಇದಕ್ಕಿಂತ ಕಡಿಮೆಗೆ ಸಿಗುತ್ತದೆ. ಹಾಗಿದ್ದರೆ ಕಡಿಮೆ ಕೆಲಸ ಮಾಡುವ ಕ್ಯಾಮೆರಾಕ್ಕೆ ಹೆಚ್ಚು ದುಡ್ಡು ಯಾಕೆ? ಅಕ್ಕ ಕೇಳುವ ಪ್ರಶ್ನೆ ಇದು. ಸರಿಯಾದ ಪ್ರಶ್ನೆಯೇ. ಆದರೆ ನನ್ನ ತೊಡಕು ದುಡ್ಡಿನದಲ್ಲ, ದೂರದ್ದು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಿಂತಿರುವ ಒಬ್ಬ ಮನುಷ್ಯ ಅಡಿಯಿಂದ ಮುಡಿಯವರೆಗೆ ಚೌಕಟ್ಟಿನೊಳಗೆ ಹಿಡಿಸಬೇಕು ಎಂದುಕೊಳ್ಳಿ. 35ರ ಲೆನ್ಸಿನಲ್ಲಾದರೆ ನೀವು ಸುಮಾರು ಆರೂವರೆ ಅಡಿ ದೂರದಲ್ಲಿ ನಿಲ್ಲಬೇಕು. 200ರ ಲೆನ್ಸಿನಲ್ಲಾದರೆ 37 ಅಡಿಯ ಸುಮಾರಿಗೆ. ನಮ್ಮ ಕಡೆ ತೆಂಗಿನ ಮರದಿಂದ ಮರಕ್ಕೆ ಹೆಚ್ಚುಕಡಿಮೆ 30 ಅಡಿ ಬಿಟ್ಟು ಗುಂಡಿ ತೆಗೆಯುತ್ತಾರೆ. ಅಂದರೆ ದೊಡ್ಡ ಲೆನ್ಸಿನವನು ಇನ್ನೊಂದು ಮರದಾಚೆ ನಿಂತಿರುತ್ತಾನೆ. ಸಣ್ಣ ಕ್ಯಾಮೆರಾದವನು ಎದುರಿನವರು ಕೂತ ಮರದ ನೆರಳಿಗೇ ಬಂದಿರುತ್ತಾನೆ. ಒಂದೇ ನೆರಳಿಗೆ ಬಂದ ಮೇಲೆ ಮಾತಾಡದೆ ಇರಲಾಗುವುದಿಲ್ಲ. ಬಿಸಿಲು ಜಾಸ್ತಿ ಆಯ್ತು, ಮಳೆ ಹೋಯ್ತು, ನೀನು ಯಾರ ಮಗ ಎಂದು ಕೇಳಿಯೇ ಕೇಳುತ್ತಾರೆ. ಯಾವ ಲೆನ್ಸ್ ಎನ್ನುವ ಪ್ರಶ್ನೆಯೊಳಗೆ ನೀನು ಎಲ್ಲಿ ನಿಲ್ಲುತ್ತೀಯ ಎನ್ನುವ ಪ್ರಶ್ನೆ ಅಡಗಿದೆ ಎಂದು ನನಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ಗೊತ್ತಾದದ್ದು ಹೀಗೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಅಕ್ಕನ ಮನೆಯ ಮುಂದಿನ ತೋಟದಲ್ಲಿ ಕೊಬ್ಬರಿ ಸುಲಿಯುವ ಕೆಲಸ ನಡೆದಿತ್ತು. ಐದಾರು ಹೆಂಗಸರು ಸಾಲಾಗಿ ಕೂತು ಮಚ್ಚಿನಿಂದ ಚಿಪ್ಪು ಒಡೆದು ಉಂಡೆ ಬಿಡಿಸುತ್ತಿದ್ದರು. ನೋಡಲು ಸಲೀಸು ಕಾಣುವ ಕೆಲಸ. ಆದರೆ ಏಟು ಚಿಪ್ಪಿಗೆ ಮಾತ್ರ ಬೀಳಬೇಕು. ಕೂದಲೆಳೆಯಷ್ಟು ಜೋರಾದರೆ ಉಂಡೆ ಹೋಳಾಗುತ್ತದೆ, ಬೆಲೆ ಇಳಿಯುತ್ತದೆ. ಆ ಸಾಲಿನ ಕೊನೆಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು, ಸೆರಗು ಜಾರಿತ್ತು, ಮುಖದ ಒಂದು ಮಗ್ಗುಲಿಗೆ ಇಳಿಬಿಸಿಲು ಬಿದ್ದಿತ್ತು. ನಾನು ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತವನು ಕೂತಲ್ಲಿಂದಲೇ 300ರವರೆಗೆ ಎಳೆಯುವ ಜೂಮ್ ಲೆನ್ಸ್ ಹಾಕಿ ನಾಲ್ಕು ಫೋಟೊ ತೆಗೆದೆ. ಆಕೆ ತಲೆ ಎತ್ತಲಿಲ್ಲ. ಎತ್ತದೆ ಇದ್ದದ್ದೇ ಫೋಟೊದ ಜೀವ ಎಂದು ನಾನು ಹಿಗ್ಗಿದೆ. ಆ ಫೋಟೊ ಒಂದು ಸ್ಪರ್ಧೆಗೆ ಹೋಯಿತು. ಎರಡು ಸಾವಿರ ರೂಪಾಯಿ ಬಹುಮಾನವೂ ಬಂತು.

ಮುಂದಿನ ಸಲ ಊರಿಗೆ ಹೋದಾಗ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ ಆಕೆಯ ಕೈಗೆ ಕೊಟ್ಟೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಬಹಳ ಹೊತ್ತು ನೋಡಿದರು.

"ಇದ್ಯಾವಾಗ ತಗುದ್ಯಪ್ಪಾ?"

"ಅವತ್ತು ಅಜ್ಜಿ, ಜಗಲಿ ಮೇಲಿಂದ."

"ಒಂದ್ ಮಾತು ಕೂಗಿದ್ರೆ ಸೆರಗಾದ್ರೂ ಹೊದ್ಕಂತಿದ್ನಲ್ಲ."

ಬೈಯಲಿಲ್ಲ. "ಚೆನ್ನಾಗೈತೆ, ನೀನೇ ಇಟ್ಕ" ಎಂದು ಫೋಟೊ ವಾಪಸು ಕೊಟ್ಟರು. ಅದು ಇವತ್ತಿಗೂ ನನ್ನ ಹತ್ತಿರವೇ ಇದೆ. ಬೆಳಕು, ಚೌಕಟ್ಟು ಎಲ್ಲ ಸರಿಯಾಗಿವೆ. ಆದರೆ ಆ ಫೋಟೊ ನೋಡಿದಾಗಲೆಲ್ಲ ಆಕೆ ಕಾಣುವುದಕ್ಕೆ ಮುಂಚೆ ಜಗಲಿಯ ಮೇಲೆ ಕೂತ ನಾನು ಕಾಣುತ್ತೇನೆ.

ಮಾರನೆಯ ವರ್ಷ ಗೆಳೆಯನೊಬ್ಬನ ಸಣ್ಣ ಕ್ಯಾಮೆರಾ ಕಡ ತಂದೆ. 28ರ ಲೆನ್ಸ್, ಜೂಮ್ ಇಲ್ಲ. ಜಗಲಿಯಿಂದ ನೋಡಿದರೆ ಆಕೆ ತೋಟದಲ್ಲೊಂದು ಚುಕ್ಕೆ. ಬೇರೆ ದಾರಿಯಿಲ್ಲದೆ ಎದ್ದು ಹೋಗಿ ಸಿಪ್ಪೆಯ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತೆ. "ಫೋಟೊ ತೆಗೀಲಾ ಅಜ್ಜಿ?" ಅಂದೆ. "ತಡಿ" ಎಂದು ಮಚ್ಚು ಪಕ್ಕಕ್ಕಿಟ್ಟರು, ಸೆರಗು ಸರಿಮಾಡಿದರು, ಸ್ಟುಡಿಯೊದಲ್ಲಿ ಕೂತ ಹಾಗೆ ನೆಟ್ಟಗೆ ಕೂತರು. ನನಗೆ ಬೇಕಾಗಿದ್ದದ್ದು ಅದಲ್ಲ. ಕೆಲಸ ಮಾಡ್ತಾ ಇರಿ ಅಂದೆ. "ಕೆಲ್ಸ ದಿನಾ ಇದ್ದದ್ದೇಯ. ನನ್ನ ಮಖ ತೆಗಿ" ಅಂದರು.

ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ನಾನು ಆಕೆಯ ದುಡಿಮೆಯನ್ನು ಚಿತ್ರವಾಗಿಸಲು ಹೋಗಿದ್ದೆ. ಆಕೆಗೆ ದುಡಿಮೆಯಿಂದ ಬಿಡಿಸಿಕೊಂಡ ತನ್ನ ಮುಖ ಬೇಕಿತ್ತು. ದೂರದಿಂದ ತೆಗೆದಾಗ ಈ ಭಿನ್ನಾಭಿಪ್ರಾಯ ಇತ್ತೆಂದೇ ನನಗೆ ತಿಳಿದಿರಲಿಲ್ಲ.

ಮುಖ ತೆಗೆಯಲು ಇನ್ನೂ ಹತ್ತಿರ, ಒಂದೂವರೆ ಅಡಿಗೆ ಹೋದೆ. ಪರದೆಯ ಮೇಲೆ ತೋರಿಸಿದಾಗ ಸಾಲಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. "ಅಯ್, ನನ್ ಮೂಗು ಹಲಸಿನಕಾಯಾಗೈತಲ್ಲೋ!" ಅಷ್ಟು ಹತ್ತಿರದಿಂದ ನೋಡಿದರೆ ಮೂಗು ಕಿವಿಗಿಂತ ನಮಗೆ ಬಹಳ ಸಮೀಪ ಇರುತ್ತದೆ, ಹಾಗಾಗಿ ದೊಡ್ಡದಾಗಿ ಕಾಣುತ್ತದೆ. ಅದು ಲೆನ್ಸಿನ ದೋಷವಲ್ಲ, ದೂರದ ಗಣಿತ. ಕೊನೆಗೆ ಒಳಗೆ ಹೋಗಿ ನನ್ನ ಹಳೆಯ ಜೂಮ್ ಲೆನ್ಸನ್ನೇ ತಂದೆ. ಏಳೆಂಟು ಅಡಿ ಹಿಂದೆ ಸರಿದು, ಆಕೆ ಹ್ಞೂಂ ಅಂದ ಮೇಲೆ, ಬರೀ ಮುಖ ತೆಗೆದೆ. ಆ ಫೋಟೊವನ್ನು ವಾಪಸು ಕೊಡಲಿಲ್ಲ. ಆಕೆ ತೀರಿಕೊಂಡು ಈಗ ನಾಲ್ಕು ವರ್ಷ. ಮನೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವುದು ಅದೇ.

ಅಕ್ಕನ ಮಗನಿಗೆ ಉತ್ತರ ಕೊಡಲು ಕಷ್ಟವಾದದ್ದು ಇಲ್ಲಿಯೇ. ನನಗೆ ಕೇಳುವುದನ್ನು ಕಲಿಸಿದ್ದು ಜೂಮ್ ಇಲ್ಲದ ಕ್ಯಾಮೆರಾ. ಆಕೆಗೆ ಬೇಕಾದ್ದನ್ನು ಕೊಟ್ಟದ್ದು ಜೂಮ್ ಲೆನ್ಸ್. ಯಾವುದು ಒಳ್ಳೆಯದು ಎಂದರೆ ಏನು ಹೇಳಲಿ?

ಹತ್ತಿರ ಹೋಗುವುದೇ ಒಳ್ಳೆಯತನ ಎಂದು ಸಾರುವವರಿದ್ದಾರೆ. ಬೀದಿಯ ಫೋಟೊಗ್ರಫಿಯಲ್ಲಿ ಅದು ಹೆಚ್ಚುಕಡಿಮೆ ವೇದವಾಕ್ಯವಾಗಿದೆ. ನಾನು ನಂಬುವುದಿಲ್ಲ. ಎಕ್ಸ್100 ಆಗಲಿ ಜಿಆರ್ ಆಗಲಿ ಎರಡರ ಶಟರ್ ಲೆನ್ಸಿನೊಳಗೇ ಇರುತ್ತದೆ. ಒತ್ತಿದರೆ ಸದ್ದು ಕೇಳಿಸುವುದೇ ಕಷ್ಟ. ಮುಷ್ಟಿಯಲ್ಲಿ ಹಿಡಿದು ಸೊಂಟದ ಮಟ್ಟದಲ್ಲೇ ಒತ್ತಿಕೊಂಡು ನಡೆದುಬಿಡಬಹುದು. ಎರಡಡಿ ದೂರದಲ್ಲಿದ್ದೂ ಕದಿಯಬಹುದು. ಜಗಲಿಯ ಮೇಲಿನ ಕಳ್ಳನಿಗಿಂತ ಪಕ್ಕದಲ್ಲೇ ಹಾದುಹೋಗುವ ಕಳ್ಳ ಮೇಲೇನಲ್ಲ.

ಇನ್ನು ಕೆಲವು ಕಡೆ ದೂರವೇ ಮರ್ಯಾದೆ. ನಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿ ಸಣ್ಣ ಲೆನ್ಸ್ ಹಿಡಿದು ಗೂಡಿನ ಹತ್ತಿರ ಹೋಗುವವನು ಹಕ್ಕಿಯ ವೈರಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗಗಳಿಗೂ ಇದೇ ಮಾತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಚಿತ್ರ ತೆಗೆದವರು. ಹಕ್ಕಿಯ ಚಿತ್ರ ತೆಗೆಯುವವನಿಗೆ ಕಾಯುವುದು, ದೂರ ಇರುವುದು ಎರಡೂ ವಿದ್ಯೆಯ ಭಾಗ. ಮನುಷ್ಯರಲ್ಲೂ ಅಂಥ ಹೊತ್ತುಗಳಿವೆ. ಸಾವಿನ ಮನೆಯಲ್ಲಿ ಅಳುತ್ತಿರುವವರ ಮುಖದ ಎರಡಡಿಗೆ ಕ್ಯಾಮೆರಾ ಹಿಡಿಯುವುದನ್ನು ಧೈರ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಜೂಮ್ ಇಲ್ಲದ ಕ್ಯಾಮೆರಾ ಮಾಡುವ ಉಪಕಾರವೇನು? ನನಗೆ ತಿಳಿದಂತೆ ಇಷ್ಟೇ: ದೂರದ ತೀರ್ಮಾನವನ್ನು ಅದು ಬೆರಳಿನಿಂದ ಕಾಲಿಗೆ ವರ್ಗಾಯಿಸುತ್ತದೆ. ಜೂಮ್ ತಿರುಗಿಸುವಾಗ ನಾನು ಯಾರ ಹತ್ತಿರಕ್ಕೂ ಹೋಗುತ್ತಿದ್ದೇನೆ ಎಂದು ನನಗೆ ಅನಿಸುವುದಿಲ್ಲ. ಕಾಲೆತ್ತಿ ಇಡುವಾಗ ಅನಿಸುತ್ತದೆ. ಎದುರಿನವರಿಗೂ ಕಾಣುತ್ತದೆ. ಬೇಡ ಎನ್ನಲು ಅವರಿಗೆ ನಾಲ್ಕು ಹೆಜ್ಜೆಯಷ್ಟು ಸಮಯ ಸಿಗುತ್ತದೆ. ಆ ನಾಲ್ಕು ಹೆಜ್ಜೆಯಲ್ಲಿ ನಾನು ಹಿಂದಕ್ಕೂ ಬರಬಹುದು. ಒಳ್ಳೆಯವನಾಗಲು ಕ್ಯಾಮೆರಾ ಕಲಿಸುವುದಿಲ್ಲ. ಏನು ಮಾಡುತ್ತಿದ್ದೇನೆ ಎಂಬುದು ನನಗೇ ಗೊತ್ತಾಗದಂತೆ ಮಾಡುವ ಒಂದು ಸೌಕರ್ಯವನ್ನು ಮಾತ್ರ ಕಿತ್ತುಕೊಳ್ಳುತ್ತದೆ.

ಆ ಸೌಕರ್ಯವೂ ಹಿಂಬಾಗಿಲಿಂದ ವಾಪಸು ಬರುತ್ತಿದೆ ಎನ್ನಿ. ಎಕ್ಸ್100ವಿಐನಲ್ಲಿ 40 ಮೆಗಾಪಿಕ್ಸೆಲ್ ಇದೆ. ದೂರದಿಂದ ತೆಗೆದು ಆಮೇಲೆ ಮನೆಯಲ್ಲಿ ಕೂತು ಬೇಕಾದ ಮುಖವನ್ನು ಕತ್ತರಿಸಿಕೊಳ್ಳಬಹುದು. ಹಾಗೆ ಕತ್ತರಿಸಿ ಕೊಡುವ ಗುಂಡಿ ಕ್ಯಾಮೆರಾದಲ್ಲೇ ಇದೆ. ಮಿತಿಯನ್ನು ದುಡ್ಡು ಕೊಟ್ಟು ಕೊಂಡರೆ ಸಾಲದು, ದಿನವೂ ಒಪ್ಪಿಕೊಳ್ಳುತ್ತಿರಬೇಕು.

ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. ಮನೆಯಲ್ಲಿ ಒಂದು ಅಗ್ಫಾ ಕ್ಲಿಕ್ ತ್ರೀ ಇದ್ದರೆ ಅದೇ ದೊಡ್ಡದು. ಒಂದೇ ಲೆನ್ಸ್, ಒಂದು ರೋಲಿಗೆ ಹನ್ನೆರಡು ಚಿತ್ರ. ಹನ್ನೆರಡೇ ಇದ್ದದ್ದರಿಂದ ತೆಗೆಯುವ ಮುಂಚೆ ಎಲ್ಲರನ್ನೂ ಕರೆದು ನಿಲ್ಲಿಸುತ್ತಿದ್ದರು. ಆ ಫೋಟೊಗಳಲ್ಲಿ ಎಲ್ಲರೂ ಬಿಗುವಾಗಿ ನಿಂತಿರುತ್ತಾರೆ, ಸಹಜತೆ ಇರುವುದಿಲ್ಲ ಎಂದು ನಾವು ನಗುತ್ತೇವೆ. ಆದರೆ ಅಲ್ಲಿರುವ ಪ್ರತಿಯೊಬ್ಬರಿಗೂ ತಮ್ಮ ಫೋಟೊ ತೆಗೆಯುತ್ತಿದ್ದಾರೆಂದು ಗೊತ್ತಿತ್ತು. ಆ ಬಿಗುವು ಅವರ ಒಪ್ಪಿಗೆಯ ರುಜು ಎಂದು ಈಗ ನನಗೆ ಕಾಣುತ್ತದೆ.

ಸಹಜತೆ ಮತ್ತು ಒಪ್ಪಿಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂದೇನೂ ಇಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಜನಸಾಮಾನ್ಯರ ಬದುಕಿನ ಚಿತ್ರಗಳಿಗೆ ಹೆಸರಾದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ಯುನಿಸೆಫ್ ಮೂಲಕ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರ ನೋಡುವಾಗ ಇದು ಯಾವ ಲೆನ್ಸ್ ಎಂಬ ಪ್ರಶ್ನೆ ನನಗೆ ಏಳುವುದಿಲ್ಲ. ಈ ಮನುಷ್ಯ ಅಲ್ಲಿ ಎಷ್ಟು ಹೊತ್ತು ಇದ್ದಿರಬೇಕು ಎನಿಸುತ್ತದೆ. ದೂರವನ್ನು ಅಡಿಗಳಲ್ಲಿ ಅಳೆಯುವ ನಾವು ಅದನ್ನು ಹೊತ್ತಿನಲ್ಲೂ ಅಳೆಯಬಹುದು ಎನ್ನುವುದನ್ನು ಮರೆತುಬಿಟ್ಟಿದ್ದೇವೆ.

ನಿನ್ನೆ ರಾತ್ರಿ ಕೊನೆಗೂ ಅಕ್ಕನ ಮಗನಿಗೆ ಫೋನ್ ಮಾಡಿದೆ. ಮರ ಹತ್ತಿದವರ ಫೋಟೊ, ಹಕ್ಕಿಯ ಫೋಟೊ ನಿನಗೆ ಮುಖ್ಯವಾದರೆ ಅದು ಬೇಡವೇ ಬೇಡ ಅಂದೆ. ಬರೀ ಮುಖ ತೆಗೆಯುವವನಾದರೆ 28ರದ್ದು ಬೇಡ. ಮನೆ, ಅಂಗಳ, ಸಂತೆ, ಜನ ಕೂತು ಮಾತಾಡುವ ಜಾಗ ಇವು ನಿನ್ನವಾದರೆ ಸರಿಹೋಗಬಹುದು. ಆದರೆ ಕೊಳ್ಳುವ ಮುಂಚೆ ಒಂದು ತಿಂಗಳು ನಿನ್ನ ಫೋನಿನಲ್ಲೇ, ಪರದೆಯ ಮೇಲೆ ಎರಡು ಬೆರಳು ಅಗಲಿಸದೆ, ಕತ್ತರಿಸದೆ ಫೋಟೊ ತೆಗಿ. ಫೋನಿನ ಮುಖ್ಯ ಲೆನ್ಸೂ ಹೆಚ್ಚುಕಡಿಮೆ ಅಷ್ಟೇ ಅಗಲ, ಖರ್ಚಿಲ್ಲ. ಎಷ್ಟು ಸಲ ಹತ್ತಿರ ಹೋದೆ, ಎಷ್ಟು ಸಲ ಹೋಗಲಾರದೆ ಬಿಟ್ಟೆ ಎಂದು ಲೆಕ್ಕ ಇಡು. "ನನಗೆ ಸರಿಹೋಗ್ತದಾ" ಅಂತ ಕೇಳಿದೆಯಲ್ಲ, ಅದರಲ್ಲಿ ಅರ್ಧ ಮಾತ್ರ ನಿನ್ನದು. ಉಳಿದರ್ಧ ನಿನ್ನೆದುರಿಗೆ ಇರುವವರನ್ನು ಕೇಳಬೇಕು.

"ಮಾವ, ಒಂದು ಕ್ಯಾಮೆರಾ ಕೇಳಿದ್ರೆ ಪುರಾಣ ಹೇಳ್ತೀಯಲ್ಲ" ಎಂದು ನಕ್ಕು ಇಟ್ಟ.

ಇವತ್ತು ಬೆಳಿಗ್ಗೆ ಅವನಿಂದ ಒಂದು ಸಂದೇಶ ಬಂದಿತ್ತು. ಫೋಟೊ ಇರಬಹುದೆಂದು ತೆರೆದೆ. ಇರಲಿಲ್ಲ. ಒಂದೇ ಸಾಲು ಇತ್ತು: "ಅಡಿಗೆಮನೇಲಿ ಬೆಳಕು ಚೆನ್ನಾಗಿತ್ತು. ಹತ್ರ ಹೋದೆ, ಅಮ್ಮ ಈಗ ಬೇಡ ಅಂದ್ಲು."

ಲೆಕ್ಕ ಶುರುವಾಗಿದೆ.