ಪ್ಲೇಯರಿನ ಪಕ್ಕದ ಕಿಟಕಿ

ಎಂಪಿ3 ಫೈಲಿನ ಬಾಲದಲ್ಲಿ 128 ಬೈಟಿನ ಒಂದು ಪುಟ್ಟ ಜಾಗವಿರುತ್ತದೆ. 1996ರಲ್ಲಿ ಎರಿಕ್ ಕೆಂಪ್ ಎಂಬಾತ ಮಾಡಿಟ್ಟ ಏರ್ಪಾಡು, ಹೆಸರು ಐಡಿ3. ಹಾಡಿನ ಹೆಸರಿಗೆ 30 ಬೈಟು, ಹಾಡಿದವರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಷರಾಕ್ಕೆ 30. ಹಾಡು ಯಾವ ಬಗೆಯದು ಎಂದು ಹೇಳಲು ಒಂದೇ ಒಂದು ಬೈಟು. ಇಂಗ್ಲಿಷಿಗಾದರೆ 30 ಬೈಟಿನಲ್ಲಿ 30 ಅಕ್ಷರ ಹಿಡಿಸುತ್ತವೆ. ಕನ್ನಡ ಹಾಗಲ್ಲ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರವೂ ಮೂರು ಬೈಟು ತಿನ್ನುತ್ತದೆ, ದೀರ್ಘಕ್ಕೆ ಬೇರೆ ಮೂರು, ಒತ್ತಿಗೆ ಬೇರೆ. ‘ಗಾದ್ರಿ ಪಾಲನಾಯಕ’ ಎಂದು ಬರೆಯಲು 40 ಬೈಟು ಬೇಕು. 30ಕ್ಕೆ ಕತ್ತರಿಸಿದರೆ ‘ಗಾದ್ರಿ ಪಾಲ’ ಉಳಿದು, ನಾಯಕನ ‘ನ’ ಮುಕ್ಕಾಗಿ, ಪರದೆಯ ಮೇಲೆ ಒಂದು ಪ್ರಶ್ನೆ ಗುರುತು ಕೂರುತ್ತದೆ. ಮ್ಯಾಸಬೇಡರು ರಾತ್ರಿಗಟ್ಟಲೆ ಹಾಡುವ ವೀರನ ಗತಿ ಹೀಗೆ.

ಬಗೆ ಹೇಳುವ ಆ ಒಂದು ಬೈಟಿನ ಕತೆ ಇನ್ನೂ ಸ್ವಾರಸ್ಯದ್ದು. ಮೊದಲ ಪಟ್ಟಿಯಲ್ಲಿ 80 ಪ್ರಕಾರಗಳಿದ್ದವು. ಪೋಲ್ಕಾ ಇತ್ತು, ಗ್ಯಾಂಗ್‌ಸ್ಟಾ ಇತ್ತು, ಜಾನಪದ ಇರಲಿಲ್ಲ. ಮುಂದೆ ವಿನ್‌ಆ್ಯಂಪ್ ಎಂಬ ಪ್ಲೇಯರಿನವರು ಪಟ್ಟಿ ಬೆಳೆಸಿದಾಗ ಮೊದಲು ಸೇರಿದ್ದು ‘ಫೋಕ್’. ಬೈಟಿನ ಬಡತನವೂ ಹಾಗೇ ನೀಗಿತು. ಐಡಿ3ಯ ಹೊಸ ಆವೃತ್ತಿಗಳಲ್ಲಿ 30 ಬೈಟಿನ ಕಟ್ಟು ಹೋಗಿ, 2000ದಲ್ಲಿ ಬಂದದ್ದು ಯುಟಿಎಫ್-8ಕ್ಕೂ ಜಾಗ ಕೊಟ್ಟಿದ್ದರಿಂದ ಇವತ್ತು ಪಾಲನಾಯಕ ಪೂರ್ತಿಯಾಗಿ ಕಾಣುತ್ತಾನೆ. ನೀಗದೆ ಉಳಿದದ್ದು ‘ಆರ್ಟಿಸ್ಟ್’ ಎಂಬ ಡಬ್ಬಿ.

ನನ್ನ ತಂಗಿಯ ಮಗ ಸಿಕ್ಕಿಬಿದ್ದದ್ದು ಆ ಡಬ್ಬಿಯಲ್ಲೇ. ಅವನು ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್. ಅವನ ಅಪ್ಪ, ಅಂದರೆ ನಮ್ಮ ಭಾವ, ಮೇಷ್ಟರಾಗಿ ಚಳ್ಳಕೆರೆ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಇದ್ದವರು; ಸಂಜೆ ಹೊತ್ತು ಟೇಪ್ ರೆಕಾರ್ಡರ್ ಹಿಡಿದು ಹಟ್ಟಿಗಳಿಗೆ ಹೋಗುತ್ತಿದ್ದರು. ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಅವರ ಮನೆಯ ಅಟ್ಟದಲ್ಲಿ ಒಂದು ಟ್ರಂಕು ಕ್ಯಾಸೆಟ್ಟುಗಳಿದ್ದವು. ಹುಡುಗ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ. ಇಳಿಸಿ ಪ್ಲೇಯರಿಗೆ ಹಾಕಿದರೆ ಎಲ್ಲದರ ಮುಂದೂ ‘ಅನ್‌ನೋನ್ ಆರ್ಟಿಸ್ಟ್’. ಕ್ಯಾಸೆಟ್ಟಿನ ಮೇಲೆ ಭಾವ ಬಾಲ್‌ಪೆನ್ನಿನಲ್ಲಿ ಊರು, ಹಟ್ಟಿ, ಹಬ್ಬ, ಹಾಡಿದವರು, ಸೊಲ್ಲು ಎತ್ತಿಕೊಂಡವರು ಎಲ್ಲ ಬರೆದಿಟ್ಟಿದ್ದರು. ಸೋಬಾನೆ ಪದವನ್ನು ಒಬ್ಬರೇ ಹಾಡುವುದಿಲ್ಲ; ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ತಿರುಗಿಸುತ್ತಾರೆ. ಪ್ಲೇಯರಿಗೆ ಇದೆಲ್ಲ ಬೇಡ. ಅದು ಕೇಳುವುದು ಒಂದು ಹೆಸರು, ಒಂದು ಆಲ್ಬಮ್, ಒಂದು ಇಸವಿ.

ಹಾಗಾಗಿ ಅವನು ಪ್ಲೇಯರಿಗೆ ಒಂದು ಜೊತೆಗಾರ ಆಪ್ ಬರೆದ. ಹಾಡು ನುಡಿಸುವ ಕೆಲಸ ಪ್ಲೇಯರಿನದೇ. ಇದು ಪಕ್ಕದಲ್ಲಿ ಒಂದು ಸಣ್ಣ ಕಿಟಕಿ ತೆರೆದುಕೊಂಡು, ಈಗ ಯಾವ ಹಾಡು ಓಡುತ್ತಿದೆ ಎಂದು ಪ್ಲೇಯರನ್ನು ಕೇಳಿ, ಮೇಷ್ಟರು ಬರೆದಿಟ್ಟ ವಿವರವನ್ನು ತೋರಿಸುತ್ತದೆ. ಹಟ್ಟಿ, ಹೊತ್ತು, ಸಂದರ್ಭ, ಪದದ ಸಾಲುಗಳು. ನೋಡಿದರೆ ಏನಿಲ್ಲ ಅನ್ನುವಂಥ ಕೆಲಸ. ನನಗೆ ಅದು ಇಷ್ಟವಾದದ್ದು ಅದರ ಹಿಂಜರಿಕೆಗೆ. ಹಾಡಿನ ಮುಂದೆ ಬಂದು ನಿಲ್ಲದೆ ಒಂದು ಬದಿಗೆ ಇರುವ ಸಾಫ್ಟ್‌ವೇರು ಈಗ ಕಡಿಮೆ.

ಬರೆದಾಯಿತು, ಬಿಡಬೇಕಲ್ಲ. ಕಷ್ಟ ಶುರುವಾದದ್ದು ಅಲ್ಲಿ.

ಬಿಡುವುದು ಒಂದೇ ಕ್ಲಿಕ್ಕಿನ ಕೆಲಸವಾದರೂ ಆ ಗಂಟಿನಲ್ಲಿ ಹೋಗುವುದು ಒಂದೇ ಸರಕಲ್ಲ. ಮೊದಲನೆಯದು ಕೋಡು, ಅದು ಅವನದು. ರಾತ್ರಿ ನಿದ್ದೆಗೆಟ್ಟು ಬರೆದದ್ದು. ಯಾರಿಗೆ ಬೇಕಾದರೂ ಕೊಡಲಿ, ಲೈಸೆನ್ಸಿನ ಕೆಳಗೆ ‘ಖಾತರಿ ಇಲ್ಲ, ಇದ್ದ ಹಾಗೆ ಕೊಟ್ಟಿದ್ದೇನೆ’ ಎಂದು ಬರೆದುಕೊಳ್ಳಲಿ. ಪುಕ್ಕಟೆ ಕೊಡುವವನಿಗೆ ಕಾನೂನಿನ ಎದುರು ಅಷ್ಟು ಆಸರೆ ಬೇಕೇ ಬೇಕು. ಎರಡನೆಯದು ಮಾದರಿಗೆಂದು ಸೇರಿಸಿದ್ದ ಹನ್ನೆರಡು ಹಾಡು. ಮೂರನೆಯದು, ಕೇಳುಗರು ಏನು ಕೇಳಿದರು ಎಂಬ ಲೆಕ್ಕವನ್ನು ಅವನಿಗೆ ಕಳಿಸುವ ಒಂದು ಸಣ್ಣ ಏರ್ಪಾಡು. ಈ ಎರಡೂ ಅವನವಲ್ಲ.

ನಮ್ಮ ಕಡೆ ಇಂಥ ಮಾತು ಬಂದರೆ ಎಲ್ಲರ ಬಾಯಲ್ಲೂ ಥಟ್ಟನೆ ಬರುವುದು ದಾಸೋಹ. ಉಚಿತವಾಗಿ ಕೊಟ್ಟದ್ದೆಲ್ಲ ದಾಸೋಹ ಎಂದು ಭಾಷಣ ಮಾಡುವವರಿಗೆ ದುರ್ಗದಲ್ಲಿ ಬರವಿಲ್ಲ. ಆದರೆ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಸಿಕೊಳ್ಳಿ. ಆಕೆಯ ಗಂಡ ಮಾರಯ್ಯ ಶರಣರ ಮನೆಯಂಗಳದಲ್ಲಿ ಚೆಲ್ಲಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಮನೆಗೆ ಬರುವ ಜಂಗಮರಿಗೇ ಬಡಿಸುವ ಅಕ್ಕಿ ಅದು, ಬಚ್ಚಿಟ್ಟು ಉಣ್ಣುವುದಕ್ಕಲ್ಲ. ಆದರೂ ಹೆಚ್ಚಿನದನ್ನು ತೆಗೆದುಕೊಂಡ ಕಡೆಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ವಾಪಸು ಅಟ್ಟಿದಳು. ಕೊಡುವ ಉದ್ದೇಶ ಒಳ್ಳೆಯದು ಎಂಬ ಕಾರಣಕ್ಕೆ ಎತ್ತಿಕೊಂಡದ್ದು ಒಳ್ಳೆಯದಾಗುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಓಪನ್ ಸೋರ್ಸ್ ಲೋಕದಲ್ಲಿ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳುವವರು ಸಿಗುವುದು ಅಪರೂಪ.

ಎತ್ತಿಕೊಂಡದ್ದು ಯಾರದು ಎಂದು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ನಿದರ್ಶನವೇ ಇದೆ, ಅದೂ ಒಂದು ಮ್ಯೂಸಿಕ್ ಪ್ಲೇಯರಿನದೇ. ಸಾವಿರದ ಒಂಬೈನೂರ ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ವಿನ್‌ಆ್ಯಂಪ್ ಗೊತ್ತು. ಸೈಬರ್ ಸೆಂಟರಿನ ಪರದೆಯ ಮೂಲೆಯಲ್ಲಿ ಆ ಹಸಿರು ಅಂಕಿಗಳು ಓಡುತ್ತಲೇ ಇರುತ್ತಿದ್ದವು. 1997ರಲ್ಲಿ ಜಸ್ಟಿನ್ ಫ್ರಾಂಕೆಲ್ ಎಂಬ ಹುಡುಗ ಹೊರಬಿಟ್ಟದ್ದು. 1999ರಲ್ಲಿ ಎಒಎಲ್ ಕೊಂಡಿತು, 2013ರಲ್ಲಿ ಮುಚ್ಚುತ್ತೇವೆ ಎಂದು ಘೋಷಿಸಿತು, ಮತ್ತೆ ಕೈ ಬದಲಾಯಿತು. 2024ರ ಸೆಪ್ಟೆಂಬರಿನಲ್ಲಿ ಮಾಲೀಕರು ಅದರ ಮೂಲ ಕೋಡನ್ನೇ ಎಲ್ಲರ ಮುಂದೆ ಇಟ್ಟರು. ಆದರೆ ಲೈಸೆನ್ಸ್ ಓದಿದವರು ಕಣ್ಣುಜ್ಜಿಕೊಂಡರು: ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚುವಂತಿಲ್ಲ. ಅದಕ್ಕಿಂತ ಮುಜುಗರದ ಸಂಗತಿ, ಆ ಗಂಟಿನಲ್ಲಿ ಬೇರೆ ಕಂಪನಿಗಳಿಗೆ ಸೇರಿದ ಕೋಡೂ ಇತ್ತು. ತಮ್ಮದನ್ನು ಬಿಗಿಯಾಗಿ ಹಿಡಿದುಕೊಂಡು ಪರರದ್ದನ್ನು ಧಾರಾಳವಾಗಿ ಬಿಟ್ಟ ಹಾಗಾಯಿತು. ಅಕ್ಟೋಬರಿನಲ್ಲಿ ಎಲ್ಲವನ್ನೂ ಅಳಿಸಿದರು. ಅಷ್ಟು ಹೊತ್ತಿಗೆ ಪ್ರತಿಗಳು ಎಲ್ಲೆಲ್ಲೋ ಹೋಗಿದ್ದವು. ಇದಕ್ಕೆ ತದ್ವಿರುದ್ಧವಾಗಿ ನಮ್ಮಲ್ಲಿ ಕೆ.ಪಿ. ರಾವ್ ತಾವು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇದನ್ನು ಬರೆಯುವಾಗಲೂ ನನ್ನ ಬೆರಳು ಓಡಾಡುತ್ತಿರುವುದು ಅದರ ಮೇಲೆಯೇ. ಅದು ಅವರ ಸ್ವಂತ ಕೆಲಸವಾಗಿತ್ತು, ಆದ್ದರಿಂದ ಬಿಟ್ಟುಕೊಟ್ಟದ್ದಕ್ಕೆ ಬೆಲೆ ಬಂತು.

ಹನ್ನೆರಡು ಹಾಡಿನ ವಿಷಯಕ್ಕೆ ಬರುತ್ತೇನೆ. ಆಪ್ ಹೊರಬಿಡುವ ಮೊದಲು ಹುಡುಗ ಲ್ಯಾಪ್‌ಟಾಪ್ ತೆಗೆದುಕೊಂಡು ಒಂದು ಗೊಲ್ಲರಹಟ್ಟಿಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಕ್ಯಾಸೆಟ್ಟಿನಲ್ಲಿ ಹಾಡಿದ್ದವರಲ್ಲಿ ಒಬ್ಬಾಕೆ ಈಗಲೂ ಇದ್ದಾರೆ, ಕಣ್ಣು ಮಂಜು, ಕಿವಿ ಚುರುಕು. ಬೆಳಗಿನ ಜಾವ ಹಾಡುವ ಒಂದು ಪದವನ್ನು ಹಾಕಿದ ತಕ್ಷಣ ಆಕೆ ಕೈ ಎತ್ತಿದರು. “ಇದು ಹೊತ್ತಾರೆ ಹಾಡೋ ಪದ ಕಣಪ್ಪ. ಮಟಮಟ ಮಧ್ಯಾಹ್ನ ಹಾಡಿಸ್ತೀಯಲ್ಲ, ನಿಲ್ಸು.” ಹುಡುಗ ನಿಲ್ಲಿಸಿದ. ಇನ್ನೊಂದು ಹಾಕಿದ. ಅದಕ್ಕೆ ಆಕೆ ತಲೆದೂಗಿದರು, ಎರಡು ಸಾಲು ತಾವೂ ಗುನುಗಿದರು. ಅವರ ಹೆಸರು ಕಿಟಕಿಯಲ್ಲಿ ಕಾಣುತ್ತದೆ ಎಂದು ತೋರಿಸಿದರೆ, “ನನ್ದೇನು ಬಿಡು, ನಂಗೆ ಕಲ್ಸಿದ್ದು ನಮ್ಮತ್ತೆ. ಅವ್ಳ ಹೆಸ್ರು ಹಾಕು” ಎಂದರು. ಆಮೇಲೆ ಅಲ್ಲಿಗೇ ಮುಗಿಸದೆ, ಅತ್ತೆಗೆ ಕಲಿಸಿದವರ ಹೆಸರು ಜ್ಞಾಪಿಸಿಕೊಳ್ಳಲು ಶುರುಮಾಡಿದರು. ಹುಡುಗನ ಡೇಟಾಬೇಸಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಳೆಯ ಮೇಲೆ ಬರೆದುಕೊಂಡ, ಆಮೇಲೆ ಆಪ್‌ನಲ್ಲಿ ಒಂದು ಸಾಲು ಸೇರಿಸಿದ.

ಹಾಡನ್ನು ಎಲ್ಲರಿಗೂ ಹೋಗುವ ಹಾಗೆ ಕಂಪ್ಯೂಟರಿಗೆ ಹಾಕಲೇ ಎಂದು ಕೇಳಿದ್ದಕ್ಕೆ ಆಕೆ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಟ್ಟರು. ಮದುವೆಯ ಪದ ಹಾಕು. ಬೀಸೋ ಪದ ಹಾಕು. ದೇವರ ಪದದಲ್ಲಿ ಎರಡನ್ನು ಹಾಕಬೇಡ. ಯಾಕೆ ಎಂದು ಹುಡುಗ ಕೇಳಿದ. ಆಕೆ ಹೇಳಲಿಲ್ಲ, ಎಲೆಯಡಿಕೆ ಚೀಲ ಬಿಚ್ಚಿದರು. ದಾರಿಯಲ್ಲಿ ಬರುವಾಗ ಅವನು “ಮಾವ, ಕಾರಣ ಹೇಳದಿದ್ರೆ ಹೆಂಗೆ ಒಪ್ಪೋದು?” ಎಂದು ಗೊಣಗಿದ. ನನಗನ್ನಿಸುವುದು, ಕಾರಣ ಹೇಳುವ ಹಂಗು ಆಕೆಗಿಲ್ಲ.

ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿಯನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡ ಊರು ನಮ್ಮದು. ಅಪ್ಪಣೆಗೆ ಹಾಡುವುದಕ್ಕಿಂತ ನಾಲಿಗೆಯನ್ನೇ ಕತ್ತರಿಸಿಕೊಂಡ ದುರ್ಗದ ಗಾಯಕ ವೆಂಕಟಸುಬ್ಬಯ್ಯನ ಕತೆ, 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಸಿನಿಮಾ ಮಾಡಿದರು. ಆ ನಿರಾಕರಣೆ ನಮಗೆ ಕಲೆಯ ಸ್ವಾಭಿಮಾನವಾಗಿ ಕಾಣುತ್ತದೆ. ಹಟ್ಟಿಯ ಅಜ್ಜಿ ‘ಎರಡನ್ನು ಹಾಕಬೇಡ’ ಎಂದರೆ ಮಾತ್ರ ಅದು ಮೂಢನಂಬಿಕೆಯಾಗಿಬಿಡುತ್ತದೆ, ಅಥವಾ ಸಂಗ್ರಹಕಾರರಿಗೆ ಎದುರಾದ ಅಡಚಣೆ. ಸಂಗ್ರಹವೇ ತಪ್ಪು ಎನ್ನುತ್ತಿಲ್ಲ. ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ಕಂಠದಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕವಾಗಿಸದಿದ್ದರೆ ನಮಗೆ ಉಳಿಯುತ್ತಿದ್ದುದು ಎಷ್ಟು? ಹಂಪಿ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಅಲ್ಲಿ ಹಾಡಿದವರ ಹೆಸರು ಹಾಡಿನ ಜೊತೆಗೇ ನಡೆದು ಬಂತು. ಮೊಬೈಲ್ ಅಂಗಡಿಗಳಲ್ಲಿ ಚಿಪ್ಪಿಗೆ ತುಂಬಿಸಿಕೊಡುವ ಜನಪದ ಗೀತೆಗಳಲ್ಲಿ ಹಾಡಿದವರ ಡಬ್ಬಿ ತೆರೆದು ನೋಡಿ. ಹೆಚ್ಚಿನಂಶ ಯಾವುದೋ ಡೌನ್‌ಲೋಡ್ ತಾಣದ ವಿಳಾಸ ಸಿಗುತ್ತದೆ.

ಹನ್ನೆರಡರಲ್ಲಿ ಹುಡುಗ ಕೊನೆಗೆ ಒಂದನ್ನೂ ಸೇರಿಸಲಿಲ್ಲ. ಆಪ್ ಬರಿಗೈಯಲ್ಲಿ ಹೋಯಿತು. ನಿಮ್ಮ ಹಾಡು ನೀವು ಹಾಕಿಕೊಳ್ಳಿ, ವಿವರ ನೀವು ಬರೆದುಕೊಳ್ಳಿ ಎಂಬ ಸೂಚನೆಯೊಂದಿಗೆ. ಒಪ್ಪಿಗೆ ಸಿಕ್ಕಿದ ಹತ್ತನ್ನಾದರೂ ಹಾಕಬಹುದಿತ್ತಲ್ಲ ಎಂದು ನಾನೇ ಹೇಳಿದೆ. ಹಾಡಿದವರು ನಾಲ್ವರು, ಒಪ್ಪಿದವರು ಒಬ್ಬರು ಎಂದು ಅವನು ನನ್ನ ಬಾಯಿ ಮುಚ್ಚಿಸಿದ.

ಕೇಳಿದ್ದರ ಲೆಕ್ಕದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳ. ಯಾರು ಯಾವ ಹಾಡನ್ನು ಎಷ್ಟು ಸಲ ಕೇಳಿದರು ಎಂದು ಬರೆದುಕೊಳ್ಳುವುದು ಪ್ಲೇಯರಿನ ಜೊತೆಗಾರ ಆಪ್‌ಗಳ ಹಳೆಯ ಚಟ. ಸೌತಾಂಪ್ಟನ್‌ನಲ್ಲಿ ಓದುತ್ತಿದ್ದ ರಿಚರ್ಡ್ ಜೋನ್ಸ್ 2002ರಲ್ಲಿ ಶುರುಮಾಡಿದ ಆಡಿಯೋಸ್ಕ್ರೋಬ್ಲರ್ ಮಾಡುತ್ತಿದ್ದುದು ಅದನ್ನೇ: ನೀವು ಕೇಳಿದ್ದನ್ನು ಬರೆದಿಟ್ಟು, ನಿಮ್ಮಂಥ ಕಿವಿಯವರನ್ನು ಹುಡುಕಿಕೊಡುವುದು. ಚೆಂದದ ಯೋಚನೆ. ಮುಂದೆ ಅದು ಲಾಸ್ಟ್.ಎಫ್‌ಎಂ ಎಂಬ ಸಂಗೀತ ತಾಣದ ಜೊತೆ ಬೆರೆಯಿತು, 2007ರಲ್ಲಿ ಸಿಬಿಎಸ್ 28 ಕೋಟಿ ಡಾಲರಿಗೆ ಕೊಂಡಿತು. ಆ ವ್ಯಾಪಾರದಲ್ಲಿ ಲಕ್ಷಾಂತರ ಜನ ಒಬ್ಬೊಬ್ಬರೇ ಕೂತು ಕೇಳಿದ್ದರ ಪಟ್ಟಿಗೂ ಬೆಲೆ ಕಟ್ಟಿದ್ದರಲ್ಲವೇ?

ಹುಡುಗನ ಮೊದಲ ಆವೃತ್ತಿಯಲ್ಲಿ ‘ಬಳಕೆಯ ಮಾಹಿತಿ ಕಳಿಸು’ ಎಂಬ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು. ಕಂಪನಿಯಲ್ಲಿ ಹಾಗೇ ಮಾಡುತ್ತಾರಂತೆ. ನಾನು ಅವನಿಗೆ ಕೇಳಿದ್ದು ಇಷ್ಟೇ: ನಿಮ್ಮಪ್ಪ ಹೋದ ಮೇಲೆ ನೀನು ಆ ಕ್ಯಾಸೆಟ್ಟಿನ ಯಾವ ಭಾಗವನ್ನು ಮತ್ತೆ ಮತ್ತೆ ಹಾಕಿದೆ? ಅವನು ಉತ್ತರ ಕೊಡಲಿಲ್ಲ. ನನಗೆ ಗೊತ್ತಿತ್ತು. ಹಾಡು ಶುರುವಾಗುವ ಮುಂಚೆ ಮೇಷ್ಟರ ದನಿ ತಾರೀಕು, ಊರು ಹೇಳುವ ಏಳೆಂಟು ಸೆಕೆಂಡು, ಹಿಂದೆ ಮೈಕಿಗೆ ಬಡಿಯುವ ಗಾಳಿ. ಶಬ್ದ ಶುದ್ಧಿ ಮಾಡುವಾಗ ಆ ಗಾಳಿಯನ್ನು ತೆಗೆದುಹಾಕಿ, ಮಾರನೇ ದಿನ ವಾಪಸು ಹಾಕಿದ್ದನ್ನೂ ಕಂಡಿದ್ದೆ. ಅದರ ಲೆಕ್ಕ ಯಾವ ಸರ್ವರಿಗೆ ಯಾಕೆ ಹೋಗಬೇಕು?

ಟಿಕ್ ತೆಗೆದ. ಆದರೆ ಪೂರ್ತಿ ಸೋಲಲಿಲ್ಲ. “ಲೆಕ್ಕವೇ ಬೇಡ ಅಂದ್ರೆ, ಯಾರಾದ್ರೂ ಬಳಸ್ತಿದಾರಾ ಇಲ್ವಾ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಮಾವ? ಯಾರಿಗೂ ಬೇಡದ್ದಕ್ಕೆ ಭಾನುವಾರ ಹಾಳುಮಾಡ್ಕೊಳ್ಲಾ?” ಎಂದ. ನ್ಯಾಯವಾದ ಪ್ರಶ್ನೆ. ಮಾಡಿದವನಿಗೆ ತನ್ನ ಕೆಲಸ ಎಲ್ಲಿಗೆ ಮುಟ್ಟಿತು ಎಂದು ತಿಳಿಯುವ ಆಸೆ ಇರುತ್ತದೆ, ಅದನ್ನು ಅಹಂಕಾರ ಎಂದು ತಳ್ಳಿಹಾಕುವುದು ವೇದಿಕೆಯ ಮೇಲೆ ಕೂತವರಿಗೆ ಸುಲಭ. ಹಟ್ಟಿಯ ಅಜ್ಜಿಗೂ ತಲೆದೂಗುವ ಕಿವಿ ಎದುರಿಗೆ ಬೇಕು. ಕೇಳುವವರ ಹಿಂದೆ ಕಣ್ಣಿಡದೆ ಅವರನ್ನು ಎದುರಿಗೆ ಕೂರಿಸಿಕೊಳ್ಳುವ ದಾರಿ ಸಾಫ್ಟ್‌ವೇರಿನಲ್ಲಿ ಯಾವುದು, ನಾನು ಕಂಡಿಲ್ಲ.

ಈಗ ಅವನಿಗೆ ತಿಂಗಳಿಗೊಂದೋ ಎರಡೋ ಮೇಲ್ ಬರುತ್ತವೆ. ಅರ್ಧಕ್ಕರ್ಧ ದೂರು. ವಿಂಡೋಸ್ ನೀಲಿ ಡಬ್ಬಿ ತೋರಿಸಿ ಹೆದರಿಸುತ್ತಿದೆ, ಇದು ವೈರಸ್ಸಾ ಎಂದು ಕೇಳುತ್ತಾರೆ. ಆಪ್ ನನ್ನದೇ ಎಂದು ರುಜು ಹಾಕುವ ಸರ್ಟಿಫಿಕೇಟಿಗೆ ವರ್ಷವರ್ಷವೂ ದುಡ್ಡು ಕಟ್ಟಬೇಕು, ಅವನು ಕಟ್ಟಿಲ್ಲ. ಹೊಸದುರ್ಗದ ಕಡೆಯ ಮೇಷ್ಟರೊಬ್ಬರು ಮಾತ್ರ ಉದ್ದ ಪತ್ರ ಬರೆದು, ನಮ್ಮ ತಾಯಿಯ ಪದಗಳನ್ನು ಹಾಕಿಕೊಂಡಿದ್ದೇನೆ, ಕಲಿಸಿದವರ ಹೆಸರಿಗೆ ಒಂದೇ ಸಾಲು ಕೊಟ್ಟಿದ್ದೀರಿ, ನಮಗೆ ಮೂರು ತಲೆಮಾರು ಗೊತ್ತಿದೆ, ಜಾಗ ಸಾಲದು ಎಂದಿದ್ದಾರೆ. ಮುಂದಿನ ಆವೃತ್ತಿಯಲ್ಲಿ ಆ ಕಾಲಂ ಎಷ್ಟು ಉದ್ದ ಬೇಕಾದರೂ ಬೆಳೆಯುವ ಹಾಗೆ ತಿದ್ದುತ್ತಿದ್ದಾನೆ. ಯುಗಾದಿಗೆ ಬಿಡುತ್ತೇನೆ ಎಂದಿದ್ದ, ಶಿವರಾತ್ರಿಯ ಹೊತ್ತಿಗೇ ಕಂಪನಿ ಕೆಲಸ ಹೆಚ್ಚಾಯಿತೆಂದು ಮುಂದಕ್ಕೆ ಹಾಕಿದ.