ಅವಮೌದರ್ಯ: ಒಂದು ತುತ್ತಿನ ತಪ



ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯತಪಗಳನ್ನು ಹೇಳುವಾಗ ಅನಶನದ ಬೆನ್ನಿಗೇ ಅವಮೌದರ್ಯವನ್ನು ಇರಿಸಿದ್ದಾರೆ. ನಮ್ಮ ಗುಜರಾತಿ ಬಂಧುಗಳು ಇದನ್ನೇ ಊನೋದರಿ ಎನ್ನುವರು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂಬುದು ಶಾಸ್ತ್ರದ ಲೆಕ್ಕ. ಅದರಲ್ಲಿ ಒಂದೇ ತುತ್ತನ್ನು ಬಿಟ್ಟರೂ ಅವಮೌದರ್ಯವೇ. ಉಪವಾಸ ಮಾಡಿದವರಿಗೆ ನಮ್ಮಲ್ಲಿ ಹಾರವುಂಟು, ಮೆರವಣಿಗೆಯುಂಟು. ತುತ್ತು ಬಿಟ್ಟವನನ್ನು ಯಾರೂ ಕಾಣರು. ಬಹುಶಃ ಅದಕ್ಕೇ ಅದು ಕಠಿಣ.

ಹೋದ ವರ್ಷ ಬಸದಿಯ ಆರೋಗ್ಯ ಶಿಬಿರದಲ್ಲಿ ನನ್ನ ಸೊಂಟದ ಸುತ್ತಳತೆಯನ್ನು 98 ಸೆಂ.ಮೀ. ಎಂದು ಬರೆದುಕೊಂಡರು. ದಶಲಕ್ಷಣ ಪರ್ವದಲ್ಲಿ ತಪ್ಪದೆ ಏಕಾಶನ ಮಾಡುವವನು ನಾನು, ನಾಚಿಕೆಯಾಯಿತು. ವೈದ್ಯರು ತಿಳಿಹೇಳಿದರು: ನಮ್ಮ ದೇಶದವರಲ್ಲಿ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂ.ಮೀ. ಮುಟ್ಟಿದರೇ ಎಚ್ಚರಿಕೆ. ಅದರೊಡನೆ ರಕ್ತದೊತ್ತಡ 130/85, ಬರಿಹೊಟ್ಟೆಯ ರಕ್ತಸಕ್ಕರೆ 100, ಟ್ರೈಗ್ಲಿಸರೈಡ್ 150 ಮುಟ್ಟುವುದು, ಒಳ್ಳೆಯ ಕೊಲೆಸ್ಟರಾಲ್ ತಗ್ಗುವುದು, ಹೀಗೆ ಐದರಲ್ಲಿ ಮೂರು ಕೂಡಿದರೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ಹೊಟ್ಟೆಯೊಳಗಿನ ಅಂಗಗಳ ಸುತ್ತ ಕೂಡಿದ ಕೊಬ್ಬು ಸುಮ್ಮನಿರುವುದಿಲ್ಲ. ಕೊಬ್ಬಿನಾಮ್ಲಗಳನ್ನು ಯಕೃತ್ತಿಗೆ ಸುರಿಯುತ್ತದೆ. ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡದು. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ಅದೇ ದಾರಿ. ಕೈಕಾಲು ಸಪೂರವಾಗಿದ್ದು ಹೊಟ್ಟೆ ಮಾತ್ರ ಬಂದವರೂ ಇದಕ್ಕೆ ಹೊರತಲ್ಲ.

ನಾವು ಶಾಕಾಹಾರಿಗಳು, ಕಂದಮೂಲ ಮುಟ್ಟದವರು, ನಮಗೇನು ಎಂಬ ಮಾತು ಸಲ್ಲದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳ ಮೇಲೆ ರಸಪರಿತ್ಯಾಗದ ಕಟ್ಟು ಇರುವುದು ಶಾಕಾಹಾರಿಗಾಗಿಯೇ ಅಲ್ಲವೇ? ಆದರೆ ಹತ್ತು ದಿನ ಬಿಟ್ಟದ್ದನ್ನು ಪಾರಣೆಯ ಒಂದೇ ಪಂಕ್ತಿಯಲ್ಲಿ, ಹೋಳಿಗೆಯ ಮೇಲೆ ತುಪ್ಪ ಸುರಿದು, ತೀರಿಸಿಕೊಳ್ಳುತ್ತೇವೆ.

ತಪದ ಗುರಿ ಕರ್ಮನಿರ್ಜರೆ, ಸೊಂಟದ ಅಳತೆಯಲ್ಲ, ಇದನ್ನು ಮರೆಯಲಾಗದು. ಸ್ಥೂಲ ಶರೀರದವರನ್ನು ಪಂಕ್ತಿಯಲ್ಲಿ ಹಾಸ್ಯಮಾಡುವುದು ಹಿಂಸೆಯೇ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ರಕ್ತಸಕ್ಕರೆ ಏಕಾಏಕಿ ಇಳಿದರೆ ಪ್ರಾಣಕ್ಕೇ ಅಪಾಯ. ಅಂಥವರು ಸಹ ವೈದ್ಯರ ಸಲಹೆಯಂತೆ ಅವಮೌದರ್ಯವನ್ನು ಆಚರಿಸಬಹುದು.

ಈ ಉತ್ಸವದಲ್ಲಿ ಬಡಿಸಲು ನಿಲ್ಲುವ ತರುಣರಲ್ಲಿ ಒಂದು ವಿನಂತಿ. ಎಲೆಯ ಮೇಲೆ ಕೈ ಅಡ್ಡ ಹಿಡಿದವರು ಕನ್ನಡದಲ್ಲಿ ಸಾಕು ಎಂದರೂ, ಮರಾಠಿಯಲ್ಲಿ ಪುರೇ ಎಂದರೂ, ದಯವಿಟ್ಟು ಮುಂದಿನ ಎಲೆಗೆ ಸಾಗಿರಿ.